ನಿದ್ದೆಗೆಟ್ಟವರ ರಾಜೀನಾಮೆ

ಲಿಫ್ಟ್ ರಿಪೇರಿ ಕಂಪನಿಯಲ್ಲಿ ದೂರಿನ ಫೋನು ತೆಗೆಯುವುದು ಸೊಸೆಯ ಕೆಲಸ. ಯಾವುದಾದರೂ ಕಟ್ಟಡದಲ್ಲಿ ಲಿಫ್ಟು ನಡುವೆ ನಿಂತರೆ ಒಳಗಿದ್ದವರು ಮೊದಲು ಬಾಗಿಲು ಗುದ್ದುತ್ತಿದ್ದರು, ಆಮೇಲೆ ಇವಳಿಗೆ ಫೋನು ಮಾಡಿ ಬಾಯಿಗೆ ಬಂದಂತೆ ಬೈಯುತ್ತಿದ್ದರು. ಮೆಕ್ಯಾನಿಕ್ಕು ತಲುಪುವವರೆಗೂ ಅವಳು “ಬಂದೇಬಿಟ್ರು ಸಾರ್” ಎನ್ನುತ್ತಿರಬೇಕು. ಮನೆಗೆ ಬಂದು ಮಲಗಿದರೆ ಮಂಚವೇ ಮೇಲೇರಿ ಎರಡು ಮಹಡಿಗಳ ಮಧ್ಯೆ ಸಿಕ್ಕಿಕೊಂಡಂತಾಗುತ್ತಿತ್ತು. ರೆಪ್ಪೆಗೆ ರೆಪ್ಪೆ ಹತ್ತುತ್ತಿರಲಿಲ್ಲ. ಪಕ್ಕದ ಕೋಣೆಯಲ್ಲಿ ಅತ್ತೆ ಮಾತ್ರ ತಲೆ ದಿಂಬಿಗೆ ತಾಕುವ ಮೊದಲೇ ಗೊರಕೆ ಶುರುಮಾಡುತ್ತಿದ್ದರು.

ಸಾಕಾಗಿ ಅವಳು ಮ್ಯಾನೇಜರ್ ಮುಂದೆ ಹೋಗಿ ನಿಂತಳು.

“ಸಾರ್, ನಾನು ಕೆಲಸ ಬಿಡ್ತೀನಿ.”

ಮ್ಯಾನೇಜರ್ ಟಾರ್ಚು ಹಿಡಿದು ಅವಳ ಕಣ್ಣು ನೋಡಿದರು. “ಕೆಂಡದ ಹಾಗಿದೆ. ನಿದ್ದೆಗೆಟ್ಟವರ ರಾಜೀನಾಮೆ ನಾವು ತಗೊಳ್ಳಲ್ಲಮ್ಮ. ಬುದ್ಧಿ ನೆಟ್ಟಗಿರಲ್ಲ ನೋಡಿ. ಚೆನ್ನಾಗಿ ನಿದ್ದೆ ಮಾಡಿ ಬಂದು ಕೊಡಿ.”

“ಬಿಟ್ಟರೆ ತಾನೇ ಸಾರ್ ನಿದ್ದೆ ಬರೋದು?”

“ನಿದ್ದೆ ಬಂದರೆ ಯಾಕೆ ಬಿಡ್ತೀರಿ?” ಎಂದು ಅವರು ಬಾಯಿ ತುಂಬ ಆಕಳಿಸಿದರು. “ನನ್ನ ರಾಜೀನಾಮೆಯೂ ಹೋದ ವರ್ಷದಿಂದ ವಾಪಸ್ ಬರ್ತಾನೇ ಇದೆ.”

ಸೊಸೆ ಬಿಸಿಹಾಲು ಕುಡಿದಳು, ಅಂಗಾಲಿಗೆ ಎಣ್ಣೆ ತಿಕ್ಕಿದಳು. ಏನೂ ಆಗಲಿಲ್ಲ. ಹೇಳದೆ ಕೇಳದೆ ಮನೆಯಲ್ಲೇ ಕೂತಳು. ಕಂಪನಿಯವರು ಆಫೀಸಿನ ಫೋನನ್ನೇ ತಂದು ಹಾಸಿಗೆಯ ಪಕ್ಕ ಜೋಡಿಸಿ, ಸಹಿ ಹಾಕಿಸಿಕೊಂಡು ಹೋದರು. ಆವತ್ತು ಅದು ಬಡಿದುಕೊಂಡ ಸದ್ದಿಗೆ ಅತ್ತೆಯ ಮಧ್ಯಾಹ್ನದ ನಿದ್ದೆ ಹಾಳಾಯಿತು.

“ಬಿಡೋದಕ್ಕೂ ಅವರ ಅಪ್ಪಣೆಯಾ? ನಡಿಯೇ, ನಾನು ಬರ್ತೀನಿ” ಎಂದು ಅತ್ತೆ ಫೋನನ್ನು ಕಂಕುಳಲ್ಲಿ ಇರುಕಿಕೊಂಡು ಹೊರಟರು.

ಆಫೀಸಿನಲ್ಲಿ ಫೋನನ್ನು ಅದರ ಜಾಗದಲ್ಲಿ ಕುಕ್ಕಿ, “ನಾನು ಇವಳ ಅತ್ತೆ. ಇವಳ ಪರವಾಗಿ ನಾನೇ ಕೆಲಸ ಬಿಡ್ತಿದ್ದೀನಿ. ನೋಡ್ಕೊಳ್ಳಿ ನನ್ನ ಕಣ್ಣು” ಎಂದರು.

ಮ್ಯಾನೇಜರ್ ಟಾರ್ಚು ಬಿಟ್ಟು ನೋಡಿದರು. ಹಾಲಿನಂಥ ಕಣ್ಣು! ಆಫೀಸಿಗೆ ಆಫೀಸೇ ಬಂದು ಇಣುಕಿತು. ಲೆಕ್ಕದವರು ಗದ್ಗದಿತರಾದರು. ಮರುಮಾತಿಲ್ಲದೆ ರಾಜೀನಾಮೆ ಸ್ವೀಕಾರವಾಯಿತು.

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಯಾರೂ ಏಳಲಿಲ್ಲ. ಫೋನು ಬಡಿದುಕೊಳ್ಳುತ್ತಿದ್ದರೆ ಸುಮ್ಮನಿರುವ ಜಾಯಮಾನ ಅತ್ತೆಯದಲ್ಲ.

“ಏನಪ್ಪಾ, ಯಾಕೆ ಹಾಗೆ ಕಿರುಚ್ತೀಯ? ಗಾಳಿ ಬರ್ತಿದೆ ತಾನೇ? ಹಾಗಾದ್ರೆ ಕೂತ್ಕೋ. ಊಟ ಆಯ್ತಾ? ಮದುವೆ? ಯಾಕಿಲ್ಲ?”

ಮೆಕ್ಯಾನಿಕ್ಕು ಹೋಗಿ ಬಾಗಿಲು ತೆರೆದಾಗ ಒಳಗಿದ್ದವನು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದ. ‘ಸ್ವಲ್ಪ ತಡೀರಿ’ ಎಂದು ಸನ್ನೆ ಮಾಡಿದನಂತೆ.

ಮ್ಯಾನೇಜರ್ ಅತ್ತೆಗೆ ಕುರ್ಚಿ ಎಳೆದುಕೊಟ್ಟರು.

ಸೊಸೆ ಒಬ್ಬಳೇ ಮನೆಗೆ ಬಂದು ಮಲಗಿದವಳು ಮೂರು ದಿನ ಏಳಲೇ ಇಲ್ಲ. ಗಂಡ ಗಾಬರಿಯಾಗಿ ಆಗಾಗ ಅವಳ ಮೂಗಿನ ಹತ್ತಿರ ಕೈಯಿಟ್ಟು ನೋಡಿದ. ಎದ್ದಾಗ ಅವಳಿಗೆ ಮೈಯೆಲ್ಲ ಹತ್ತಿಯಷ್ಟು ಹಗುರ, ಹೊಟ್ಟೆ ತುಂಬ ಹಸಿವು.

“ಅತ್ತೆ ಎಲ್ಲಿ?”

“ಡ್ಯೂಟಿಗೆ. ಜನ ಈಗ ಬೇಕೂಂತಲೇ ಲಿಫ್ಟ್ ನಿಲ್ಲಿಸ್ಕೊಂಡು ಅಮ್ಮಂಗೆ ಫೋನ್ ಮಾಡ್ತಿದ್ದಾರೆ” ಎಂದ ಗಂಡ.

ಅವಳಿಗೆ ನಗು ಬಂತು. ಹಿಂದೆಯೇ ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.

ಸಂಜೆ ಬಂದ ಅತ್ತೆ ಮೌನವಾಗಿ ಊಟ ಮಾಡಿದರು. ಎಷ್ಟೋ ತಿಂಗಳ ಮೇಲೆ ಸೊಸೆಗೆ ಮಾತಾಡುವ ಹುಮ್ಮಸ್ಸು ಬಂದಿತ್ತು; ಕನಸುಗಳನ್ನೆಲ್ಲ ಹೇಳಹೊರಟಳು. ಅತ್ತೆ ಕೈಯೆತ್ತಿ ತಡೆದರು.

“ಈಗ ಬೇಡ ಕಣೇ, ಗಂಟಲು ಬಿದ್ದಿದೆ. ನಾಳೆ ಆಫೀಸಿಗೆ ಫೋನ್ ಮಾಡು, ಮಾತಾಡೋಣ.”

ಮಾರನೆಯ ದಿನ ಸೊಸೆ ಮಾಡಿದಳು.

“ಯಾವ ಮಹಡಿಯಮ್ಮಾ?” ಎಂದಿತು ಅತ್ತೆಯ ದನಿ.

“ಅಡುಗೆಮನೆ, ಅತ್ತೆ” ಎಂದು ಅವಳು ಸ್ಟೂಲು ಎಳೆದುಕೊಂಡು ಕೂತಳು.