ಬಣ್ಣ ಹಚ್ಚಿದ ಸಾಲುಗಳು

ದುಡ್ಡಿನ ಲೆಕ್ಕದಲ್ಲಿ ಆ ಕೆಲಸಕ್ಕೆ ಏನೂ ಖರ್ಚಾಗಲಿಲ್ಲ. ಖರ್ಚಾದದ್ದು ನಾದಿನಿಯ ರಜೆಯ ದಿನಗಳು, ನನ್ನ ಚಹಾಪುಡಿ, ಸಕ್ಕರೆ, ಮತ್ತೆ ಅಣ್ಣ ತಂಗಿಯರ ಗಂಟಲು.

ನಮ್ಮವರು ಸ್ವೆಟರ್ ಹೆಣೆಯುವ ಕಾರ್ಖಾನೆಯಲ್ಲಿ ಡಿಸೈನ್ ಬರೆಯುತ್ತಿದ್ದರು. ಕಾಗದದ ಮೇಲಲ್ಲ, ಕಂಪ್ಯೂಟರಿನಲ್ಲಿ. ಯಾವ ಸೂಜಿ ಏಳಬೇಕು, ಎಲ್ಲಿ ನೂಲು ಬದಲಾಗಬೇಕು ಎಂದು ಯಂತ್ರಕ್ಕೆ ಹೇಳುವ ಅಕ್ಷರ, ಅಂಕಿಗಳ ಸಾಲುಗಳು. ಯಂತ್ರ ಮಾಡಿದ ಕಂಪನಿ ಎಂದೋ ಬಾಗಿಲು ಹಾಕಿತ್ತು. ಅದರ ಭಾಷೆ ಬಲ್ಲವರು ಅಲ್ಲಿ ಇವರೊಬ್ಬರೇ. ಎಲ್ಲರೂ ‘ಮಾಸ್ಟರ್’ ಎನ್ನುತ್ತಿದ್ದರು. ಆದರೆ ಇವರ ಕಣ್ಣು ಮಂಜಾಗುತ್ತ ಬಂತು, ಸಂಜೆಯಾದರೆ ನೋಯುತ್ತಿತ್ತು. ಕಪ್ಪು ಪರದೆಯ ಮೇಲಿನ ಬಿಳಿ ಸಾಲುಗಳು ಒಂದಕ್ಕೊಂದು ಅಂಟಿಕೊಂಡಂತೆ ಕಾಣುತ್ತಿದ್ದವು. ಎರಡು ಸಲ ಸ್ವೆಟರಿನ ತೋಳು ಕೆಟ್ಟಿತು. ಇನ್ನೊಮ್ಮೆ ಕೆಟ್ಟರೆ ಮನೆಗೆ ಕಳಿಸುತ್ತಾರೆಂದು ಹೆದರಿ ತಂಗಿಯನ್ನು ಕರೆದರು. ಪ್ರೋಗ್ರಾಂ ಬರೆಯುವುದೇ ಅವಳ ಕೆಲಸ.

“ನೀನು ಸಾಲು ಬರೆಯೋ ಎಡಿಟರಿಗೆ ಲೆಕ್ಸರ್ ಅಂತ ಒಂದು ಪ್ರೋಗ್ರಾಂ ಬರ್ದುಕೊಡ್ತೀನಿ ಅಣ್ಣ. ಸಾಲನ್ನ ತುಂಡು ಮಾಡಿ ಒಂದೊಂದು ತುಂಡಿಗೂ ಒಂದೊಂದು ಬಣ್ಣ ಹಚ್ಚತ್ತೆ. ಸೂಜಿಗೆ ನೀಲಿ, ನೂಲಿಗೆ ಕೆಂಪು, ನೀನು ಬರ್ಕೊಂಡಿರೋ ಟಿಪ್ಪಣಿಗೆ ಬೂದು.”

ಜಗಳ ಶುರುವಾದದ್ದು ನಕ್ಷತ್ರದ ಗುರುತಿನಿಂದ.

“ಏನೇ ಇದು, ಅರ್ಧ ಸ್ವೆಟರಿಗೆ ಬೂದಿ ಬಳಿದಿದೀಯ!”

“ನಕ್ಷತ್ರ ಬಂದ್ರೆ ಟಿಪ್ಪಣಿ ಅಂದೋನು ನೀನೇ.”

“ಸಾಲಿನ ಮೊದಲಿದ್ರೆ ಟಿಪ್ಪಣಿ. ನಡುವೆ ಇದ್ರೆ, ಅದನ್ನೇ ಮತ್ತೆ ಹೆಣಿ ಅಂತ. ಅಷ್ಟೂ ಗೊತ್ತಾಗಲ್ವಾ?”

“ನಿನ್ನ ತಲೆಯೊಳಗಿರೋದು ನನಗೆ ಕನಸು ಬೀಳ್ಬೇಕಾ? ಅತ್ತಿಗೆ, ಇವನ ಜೊತೆ ಅದ್ಹೇಗೆ ಬಾಳ್ತೀರಿ?”

“ಚಹಾ ಆರತ್ತೆ, ಕುಡಿ,” ಎಂದೆ.

ಹೀಗೆ ಬೈದಾಡಿಕೊಂಡೇ ಇವರ ತಲೆಯಲ್ಲಿದ್ದದ್ದೆಲ್ಲ ಅವಳ ಪ್ರೋಗ್ರಾಮಿಗೆ ಇಳಿಯಿತು. ಪರದೆ ಬಣ್ಣಬಣ್ಣವಾಗಿ ತೆರೆದುಕೊಂಡ ದಿನ ಇವರು ಕನ್ನಡಕ ತೆಗೆದು ಒರೆಸುತ್ತ ಕೂತರು.

“ರೀ, ಇದು ನಿಮ್ಮ ಕಂಪ್ಯೂಟರಲ್ಲೇ ಇರ್ಲಿ. ಡಂಗುರ ಹೊಡೀಬೇಡಿ,” ಎಂದೆ.

“ತಂಗಿ ಮಾಡಿದ್ದು ಕಣೇ. ಬಚ್ಚಿಡೋಕೆ ಕದ್ದ ಮಾಲಾ?”

ಇವರು ಅದನ್ನು ಕಾರ್ಖಾನೆಯ ಎಲ್ಲ ಕಂಪ್ಯೂಟರಿಗೂ ಹಾಕಿದರು. ಕಾರ್ಖಾನೆಯ ಯಜಮಾನರನ್ನು ಕರೆದು ಒಂದೊಂದು ಬಣ್ಣವನ್ನೂ ವಿವರಿಸಿದರು. ಅವರು ಎಲ್ಲ ಕೇಳಿ, “ಮಾಸ್ಟರ್, ಇಷ್ಟು ಸುಲಭಾನಾ ಇದು?” ಎಂದರಂತೆ. ಇವರು ಹೌದೆಂದು ನಕ್ಕರಂತೆ.

ಮುಂದಿನ ತಿಂಗಳು ಕಡಿಮೆ ಸಂಬಳಕ್ಕೆ ಹೊಸ ಹುಡುಗಿಯೊಬ್ಬಳು ಬಂದಳು. ನೀಲಿ, ಕೆಂಪು ನೋಡಿ ಸಾಲು ಓದಿದಳು. ಯಾವ ನೂಲು ಬೇಗ ಹರಿಯುತ್ತದೆ, ಎಲ್ಲಿ ಯಂತ್ರ ನಿಧಾನಿಸಬೇಕು ಎಂಬುದನ್ನು ಇವರದೇ ಬೂದು ಟಿಪ್ಪಣಿಗಳಿಂದ ಕಲಿತಳು. ತಿಳಿಯದ್ದನ್ನು ಇವರನ್ನೇ ಕೇಳಿದಳು, ಇವರು ಹೇಳಿಕೊಟ್ಟರು. ಅವಳು ಕಲಿತಾದ ಮೇಲೆ ಯಜಮಾನರು ಇವರ ಭುಜ ತಟ್ಟಿ, “ಇನ್ನು ಕಣ್ಣಿಗೆ ವಿಶ್ರಾಂತಿ ಕೊಡಿ ಮಾಸ್ಟರ್,” ಎಂದರು.

ನಾದಿನಿ ಫೋನಿನಲ್ಲಿ ಅತ್ತಳು. “ಅತ್ತಿಗೆ, ಆ ಲೆಕ್ಸರನ್ನ ಇಲ್ಲಿಂದ್ಲೇ ಅಳಿಸಿ ಹಾಕ್ಬಿಡ್ಲಾ?”

“ಅಳಿಸಿದ್ರೆ ಆ ಹುಡುಗಿ ಕೆಲ್ಸಾನೂ ಹೋಗತ್ತೆ. ಇವರದ್ದೇನೂ ವಾಪಸ್ ಬರಲ್ಲ. ಸುಮ್ನಿರು.”

ಇವರ ಕಣ್ಣು ಈಗ ನೋಯುವುದಿಲ್ಲ. ಕೆಲಸ ಹೋಯಿತು. ಅಣ್ಣನ ಮುಖ ನೋಡಲಾಗದೆ ತಂಗಿ ನಮ್ಮ ಮನೆಗೆ ಬರುವುದನ್ನೇ ಬಿಟ್ಟಳು.