ಸತ್ಯಣ್ಣ ಕೊಂಡ ಹೋಟೆಲು

ಹೆಣ ಇನ್ನೂ ಮನೆಯೊಳಗೇ ಇತ್ತು. ಶಶಿಧರ ಬಾರ್ ಕೌಂಟರಿನ ಉದ್ದಕ್ಕೂ ಗೇಣು ಹಾಕಿ ಅಳೆಯುತ್ತಿದ್ದ.

"ಹದಿನೆಂಟು... ಹತ್ತೊಂಬತ್ತು... ಒಂದೇ ಮರದ್ದು ಕಣೋ ಇಂದ್ರೇಶ್. ಇಂಥದ್ದು ಈಗ ಎಲ್ಲಿ ಸಿಗತ್ತೆ?"

ಇಪ್ಪತ್ತನೆಯ ಗೇಣಿಗೆ ಶವಪೆಟ್ಟಿಗೆ ಅಡ್ಡ ಬಂತು. ಅವನು ಅದನ್ನು ಬಳಸಿಕೊಂಡು ಹೋಗಿ, ಆ ಕಡೆಯಿಂದ ಎಣಿಕೆ ಮುಂದುವರಿಸಿದ.

ಮೂಲೆಯ ಬೆಂಚಿನಲ್ಲಿ ಕೂತು ವಸಂತಾ ಇದನ್ನೆಲ್ಲ ನೋಡುತ್ತಿದ್ದಳು. ಪೆಟ್ಟಿಗೆಯಲ್ಲಿ ಮಲಗಿದ್ದವನು ಅವಳ ಗಂಡ ಸತ್ಯನಾರಾಯಣ, ಅಳೆಯುತ್ತಿದ್ದವನು ಅವಳ ಒಡಹುಟ್ಟಿದ ತಮ್ಮ, ಪಕ್ಕದಲ್ಲಿ ಹೂಂಗುಟ್ಟುತ್ತಿದ್ದವನು ಮಗ ಇಂದ್ರೇಶ್. ನಗರದ ಪಾಯಿಂಟ್ ಕುಕ್ ಬಡಾವಣೆಯಿಂದ ಎರಡೂವರೆ ಗಂಟೆ ಕಾರು ಓಡಿಸಿಕೊಂಡು ಬಂದ ತಮ್ಮ ಭಾವನ ಮುಖವನ್ನು ಎರಡು ನಿಮಿಷ ನೋಡಿದ್ದ. ಬಾಗಿಲು, ಕಿಟಕಿ, ಸೂರುಗಳನ್ನು ಅರ್ಧ ಗಂಟೆ ನೋಡಿದ್ದ.

ಅವನ ಹೆಂಡತಿ ಜಯಲಕ್ಷ್ಮಿ, ವಸಂತಾ ಕೊಟ್ಟ ನೀರಿನ ಲೋಟವನ್ನು ಬೆರಳ ತುದಿಯಲ್ಲಿ ಪಕ್ಕಕ್ಕೆ ಸರಿಸಿದಳು.

"ಬೇಡ ಅತ್ತಿಗೆ. ಎಷ್ಟಾದ್ರೂ ಬಾರ್ ಆಗಿದ್ದ ಮನೆ. ಒಂಥರಾ ಆಗತ್ತೆ."

ಇವಳ ಗಂಡ ಪ್ರತಿ ಶನಿವಾರ ಗ್ಯಾರೇಜಿನಲ್ಲಿ ಗೆಳೆಯರನ್ನು ಗುಡ್ಡೆ ಹಾಕಿಕೊಂಡು ಬಾಟಲಿ ತೆಗೆಯುತ್ತಾನೆ, ಗೋಡಂಬಿ ಹುರಿದು ಕೊಡುವವಳು ಇವಳೇ. ಆ ಮನೆಯ ನಲ್ಲಿಯಲ್ಲಿ ಬರುವುದು ಮಾತ್ರ ಗಂಗಾಜಲ. ವಸಂತಾ ಲೋಟವನ್ನು ಎತ್ತಿಕೊಂಡು ತಾನೇ ಕುಡಿದಳು.

"ಆದ್ರೂ ಒಳ್ಳೆ ರೇಟ್ ಬರತ್ತೆ ಬಿಡಿ," ಎಂದಳು ಜಯಲಕ್ಷ್ಮಿ.

*

ಈ ಮನೆ ಕೊಂಡದ್ದು ಲಾಕ್‌ಡೌನ್ ಕಾಲದಲ್ಲಿ. ಸತ್ಯನಾರಾಯಣ ಆಗಷ್ಟೇ ಬಾಕ್ಸ್ ಹಿಲ್‌ನ ವೃದ್ಧಾಶ್ರಮವೊಂದರ ಅಡುಗೆಮನೆಯಿಂದ ನಿವೃತ್ತನಾಗಿದ್ದ. ಇಪ್ಪತ್ತೆರಡು ವರ್ಷ ಉಪ್ಪಿಲ್ಲದ ಆಲೂಗಡ್ಡೆ ಬೇಯಿಸಿದರೂ, ತುಮಕೂರಿನಲ್ಲಿ ಯಾರದೋ ಹೋಟೆಲಿನ ಕಾವಲಿಯ ಮುಂದೆ ದೋಸೆ ಹುಯ್ಯುತ್ತ ಬೆಳೆದವನಿಗೆ ಸ್ವಂತ ಹೋಟೆಲಿನ ಆಸೆ ಆರಿರಲಿಲ್ಲ. ಒಂದು ದಿನ ಫೋನಿನಲ್ಲಿ ಜಾಹೀರಾತು ಕಂಡಿತು. ಯಾವುದೋ ಹಳ್ಳಿಯಲ್ಲಿ ಹಳೆಯ 'ಹೋಟೆಲ್' ಮಾರಾಟಕ್ಕಿದೆ. ಮನೆಯಿಂದ ಐದು ಕಿಲೋಮೀಟರ್ ಆಚೆ ಹೋಗುವಂತಿರಲಿಲ್ಲವಾದ್ದರಿಂದ ಫೋಟೊಗಳೇ ಗತಿ. ಅವುಗಳಲ್ಲೂ ಅವನು ನೋಡಿದ್ದು ಅಡುಗೆಮನೆಯ ಆರು ಬರ್ನರಿನ ಒಲೆಯೊಂದನ್ನೇ. ಇದ್ದ ಪುಟ್ಟ ಯೂನಿಟ್ ಮನೆ ಮಾರಿ ಇದನ್ನು ಕೊಂಡ. "ಹೋಟೆಲ್ ತಗೊಂಡೆ ಕಣ್ರೋ" ಎಂದು ತುಮಕೂರಿಗೆಲ್ಲ ಫೋನ್ ಮಾಡಿ ಸಾರಿದ.

ಬೀಗ ತೆಗೆದ ದಿನ ಇಬ್ಬರೂ ಬಾಗಿಲಲ್ಲೇ ನಿಂತುಬಿಟ್ಟರು. ಬಿಯರಿನ ನಲ್ಲಿಗಳು ಸಾಲಾಗಿ ನಿಂತಿದ್ದವು. ನೂರು ವರ್ಷ ಜನ ಕುಡಿದು ಚೆಲ್ಲಿದ್ದೆಲ್ಲ ಕಾರ್ಪೆಟ್ಟಿನಲ್ಲಿ ಹುಳಿತು ಕೂತಿತ್ತು. ವಸಂತಾ ಸೆರಗಿನಿಂದ ಮೂಗು ಮುಚ್ಚಿಕೊಂಡಳು.

"ರೀ, ಇದು ಹೆಂಡದಂಗಡಿ!"

"ಹೋಟೆಲ್ ಅಂತ ಬರೆದಿದ್ರು ಕಣೇ..."

ಈ ದೇಶದಲ್ಲಿ ಪಬ್ಬಿಗೂ ಹೋಟೆಲ್ ಎನ್ನುತ್ತಾರೆ. ಮನೆ ಬಿಟ್ಟರೆ ಕೆಲಸ, ಕೆಲಸ ಬಿಟ್ಟರೆ ಮನೆ ಎಂದಿದ್ದ ಆ ಇಬ್ಬರಿಗೂ ಅದು ತಿಳಿದಿರಲಿಲ್ಲ. ನಗದವರು ಯಾರು? ಯುಗಾದಿ ಕಾರ್ಯಕ್ರಮದಲ್ಲಿ ಶಶಿಧರ ಮೈಕ್ ಹಿಡಿದೇ ಹೇಳಿದ್ದ: "ನಮ್ಮ ಭಾವ ಇಡ್ಲಿಗೆ ಅಂತ ಹೋಗಿ ಹೆಂಡಕ್ಕೆ ಕೈ ಹಾಕಿದ್ರು!" ಸಭೆ ಚಪ್ಪಾಳೆ ತಟ್ಟಿತ್ತು. ಸತ್ಯನಾರಾಯಣನೂ ತಟ್ಟಿದ್ದ, ಪಾಪ.

ಮೊದಲ ಶುಕ್ರವಾರವೇ ಕೆವಿನ್ ಎಂಬ ಮುದುಕ ಬಾಗಿಲು ತಳ್ಳಿಕೊಂಡು ಬಂದು ಕೌಂಟರಿಗೆ ಮೊಣಕೈ ಊರಿ ನಿಂತ. ಅವನಿಗೆ ಅದು ನಲವತ್ತು ವರ್ಷದ ರೂಢಿ. ಮನೆಗೆ ಬಂದವರನ್ನು ಬರಿಗೈಲಿ ಕಳಿಸುವುದು ಹೇಗೆಂದು ಸತ್ಯನಾರಾಯಣ ಬಿಯರ್ ಗ್ಲಾಸಿನಲ್ಲಿ ಫಿಲ್ಟರ್ ಕಾಫಿ ಹುಯ್ದು ಕೊಟ್ಟ, ಜೊತೆಗೊಂದು ದೋಸೆ. ಮುಂದಿನ ಶುಕ್ರವಾರ ಐದು ಜನ ಬಂದರು. ಆಮೇಲೆ ಊರಿಗೆ ಊರೇ ಬರತೊಡಗಿತು.

ವಸಂತಾ ಕಾರ್ಪೆಟ್ ಕಿತ್ತೆಸೆದಳು, ನಾಲ್ಕು ವರ್ಷ ಫಿನಾಯಿಲ್ ಹಾಕಿ ನೆಲ ತಿಕ್ಕಿದಳು, ಗೊಣಗುತ್ತಲೇ ಚಟ್ನಿ ರುಬ್ಬಿದಳು. ಆ ಹುಳಿ ವಾಸನೆ ಮಾತ್ರ ಪೂರ್ತಿ ಹೋಗಲಿಲ್ಲ. ಗಂಡನನ್ನು ಆಸ್ಪತ್ರೆಗೆ ಸೇರಿಸಿದ ಮೇಲೆ ಒಂದು ಬೆಳಿಗ್ಗೆ ಹಿಂತಿರುಗಿ ಬಾಗಿಲು ತೆಗೆದಾಗ ಅದೇ ವಾಸನೆ ಬಂತು. ಮನೆಗೆ ಬಂದೆ ಅನ್ನಿಸಿ ಅವಳು ಅಲ್ಲೇ ಕೂತು ಅತ್ತಿದ್ದಳು.

*

ಚಿತಾಗಾರದಲ್ಲಿ ಇಂದ್ರೇಶ್ ಗುಂಡಿ ಒತ್ತಿದ. ಎಲ್ಲರೂ ಮನೆಗೆ ಬಂದಾಗ ಮೂರು ಗಂಟೆ. ಬಾಗಿಲ ಮುಂದೆ ಗಡ್ಡದವನೊಬ್ಬ ಕ್ಯಾಮೆರಾ ಹಿಡಿದು ಕಾಯುತ್ತಿದ್ದ.

"ಯಾರೋ ಅದು?" ಎಂದಳು ವಸಂತಾ ಮಗನಿಗೆ.

"ಫೋಟೊಗ್ರಾಫರ್ ಅಮ್ಮ. ಏಜೆಂಟ್ ಕಳಿಸಿದಾನೆ. ನಾಡಿದ್ದು ನಾನು ಸಿಡ್ನಿಗೆ ವಾಪಸ್ ಹೋಗ್ಬೇಕು. ಮನೆ ಹೆಂಗೂ ಕ್ಲೀನ್ ಆಗಿದೆ, ಹೂವೂ ಫ್ರೆಶ್ ಇದೆ."

ಹೂವು ಎಂದರೆ ಅಪ್ಪನ ಹೆಣಕ್ಕೆ ಬಂದ ಹೂವು.

"ಮಾರ್ತೀನಿ ಅಂತ ನಾನು ಯಾವಾಗ ಹೇಳ್ದೆ?"

"ನೀನೊಬ್ಬಳೇ ಇಲ್ಲಿ ಏನ್ ಮಾಡ್ತೀಯ? ಮನೆ ಈಗ ನಿನ್ನ ಹೆಸರಿಗೆ ಬರತ್ತೆ, ಒಂದು ಸೈನ್ ಹಾಕಿದ್ರೆ ಮುಗೀತು. ನಮ್ಮ ರೌಸ್ ಹಿಲ್ ಮನೇಲಿ ಗ್ಯಾರೇಜ್ ಮೇಲಿನ ರೂಮ್ ನಿನಗೇ ಅಂತ ಇಟ್ಟಿದೀನಿ. ರೆಸ್ಟ್ ಮಾಡು." ಅವನು ಫೋನ್ ತೆಗೆದು ಏಜೆಂಟ್ ಬರೆದಿದ್ದನ್ನು ಓದಿ ಕನ್ನಡದಲ್ಲಿ ವಿವರಿಸಿದ. "ತನ್ನದೇ ಕ್ಯಾರೆಕ್ಟರ್ ಇರೋ ಹಳೇ ಹಳ್ಳಿ ಪಬ್, ಈಗ ಒಂದು ಸುಖಿ ಕುಟುಂಬಕ್ಕೆ ಹೇಳಿಮಾಡಿಸಿದ ಮನೆ ಅಂತ. ಚೆನ್ನಾಗಿದೆಯಲ್ಲ?"

ಸುಖಿ ಕುಟುಂಬ ಒಳಗೆ ಕೆಲಸಕ್ಕೆ ಬಿದ್ದಿತ್ತು. ಶಶಿಧರ ಕುರ್ಚಿಗಳನ್ನು ಓರಣವಾಗಿ ಜೋಡಿಸುತ್ತಿದ್ದ. ಜಯಲಕ್ಷ್ಮಿ ಸತ್ಯನಾರಾಯಣನ ಫೋಟೊದ ಹಾರ ಬಿಚ್ಚಿ ಕೌಂಟರಿನ ಮೇಲೆ ಸುತ್ತಿಟ್ಟು, ನಡುವೆ ಮೂರು ನಿಂಬೆಹಣ್ಣು ಕೂರಿಸಿದಳು. ಫೋಟೊವನ್ನು ಸಿಂಕಿನ ಕೆಳಗೆ ತಳ್ಳಿದಳು.

"ಸತ್ತವರ ಫೋಟೊ ಇದ್ರೆ ತಗೊಳ್ಳೋರು ಹೆದರ್ತಾರಂತೆ ಅತ್ತಿಗೆ."

"ಥೂ!"

ಆ ಮಾತು ವಸಂತಾಳ ಬಾಯಿಂದ ತಾನಾಗಿಯೇ ಬಂತು. ಅರವತ್ತೆಂಟು ವರ್ಷದಲ್ಲಿ ನೆಂಟರ ಮುಖಕ್ಕೆ ಅವಳು ಹಾಗೆ ಅಂದದ್ದಿಲ್ಲ. ಸಿಂಕಿನ ಕೆಳಗೆ ಬಗ್ಗಿ ಫೋಟೊ ಎತ್ತಿಕೊಂಡು ಸೆರಗಿನಿಂದ ಒರೆಸಿದಳು.

"ಇಲ್ಲಿಯ ಹೆಂಡದ ವಾಸನೆ ನನಗೆ ಒಗ್ಗಿತು ಜಯಾ. ನಿಮ್ಮದು ಒಗ್ಗಲ್ಲ." ಆಮೇಲೆ ದನಿ ಎತ್ತರಿಸಿದಳು. "ಸುಟ್ಟು ಬಂದ ಮೈಲಿಗೆ ಬಟ್ಟೆಯಲ್ಲೇ ಮನೆಯೆಲ್ಲ ಮುಟ್ತಿದೀರಲ್ಲ, ನಾಚಿಕೆ ಆಗಲ್ವಾ? ಹೋಗಿ, ಎಲ್ಲರೂ ತಲೆಗೆ ನೀರು ಹಾಕ್ಕೊಳ್ಳಿ. ತೊಟ್ಟಿದ್ದೆಲ್ಲ ಬಿಚ್ಚಿ ಬಕೆಟ್ಟಿಗೆ ಹಾಕಿ. ಒಳಗಿಂದೂ ಸೇರಿ!"

ಇದಕ್ಕೆ ಎದುರಾಡುವ ಧೈರ್ಯ ಯಾರಿಗೂ ಇರಲಿಲ್ಲ. ಶಾಸ್ತ್ರವೆಂದರೆ ಹೆದರುವವರೇ ಎಲ್ಲ. ಇಂದ್ರೇಶ್ ಕೂಡ ಫೋಟೊಗ್ರಾಫರಿಗೆ, ಮುಂಭಾಗಕ್ಕೆ ಬಿಸಿಲು ಚೆನ್ನಾಗಿ ಬೀಳಲಿ, ಆಮೇಲೆ ತೆಗೆಯಿರಿ ಎಂದು ಹೇಳಿ ಮೆಟ್ಟಿಲು ಹತ್ತಿದ. ಹಳೆಯ ಪಬ್ಬಾದ್ದರಿಂದ ಮಹಡಿಯಲ್ಲಿ ಬಚ್ಚಲುಮನೆಗಳಿಗೆ ಬರವಿರಲಿಲ್ಲ.

ವಸಂತಾ ತಾನು ಮೊದಲು ಮಿಂದಳು. ಬಕೆಟ್ಟುಗಳನ್ನು ಒಂದೊಂದಾಗಿ ರಸ್ತೆ ಕಡೆಯ ಬಾಲ್ಕನಿಗೆ ಎಳೆದು ತಂದಳು. ತನ್ನ ಆರು ಗಜದ ಒದ್ದೆ ಸೀರೆಯನ್ನು ಕಬ್ಬಿಣದ ಕಟಕಟೆಯ ಮೇಲೆ ಉದ್ದಕ್ಕೆ ಇಳಿಬಿಟ್ಟಳು. ಪಕ್ಕಕ್ಕೆ ಮಗನ ಪಂಚೆ, ಬನಿಯನ್, ಜಯಲಕ್ಷ್ಮಿಯ ಲಂಗ. ಯಾವುದನ್ನೂ ಹಿಂಡಲಿಲ್ಲ.

ಫೋಟೊಗ್ರಾಫರ್ ಬಾಗಿಲ ಬಳಿಗೆ ಬಂದು ಮೇಲೆ ನೋಡಿ ಏನೋ ಕೂಗಿದ. ತಲೆ ಒರೆಸಿಕೊಳ್ಳುತ್ತ ಟವೆಲಿನಲ್ಲೇ ಓಡಿ ಬಂದ ಇಂದ್ರೇಶ್ ಬಾಲ್ಕನಿಯ ಬಾಗಿಲಲ್ಲಿ ನಿಂತ.

"ಅಮ್ಮಾ, ಏನಿದು! ಕೆಳಗೆ ಡ್ರೈಯರ್ ಇದೆಯಲ್ಲ!"

"ಸೂತಕದ ಬಟ್ಟೆ. ಗಾಳಿಗೇ ಒಣಗ್ಬೇಕು."

"ಎಷ್ಟು ಹೊತ್ತು?"

"ಹದಿಮೂರು ದಿನ."

ಅವಳು ಕೊನೆಯ ಬಕೆಟ್ಟಿಗೆ ಕೈ ಹಾಕಿ ಶಶಿಧರನ ಪಟ್ಟಾಪಟ್ಟಿ ಚಡ್ಡಿಯನ್ನು ಎರಡೂ ಕೈಯಲ್ಲಿ ಅಗಲಿಸಿ ಹಿಡಿದು, ಮುಂಬಾಗಿಲಿನ ನೆತ್ತಿಗೆ ಸರಿಯಾಗಿ, ಎರಡು ಕ್ಲಿಪ್ಪು ಒತ್ತಿ ಸಿಕ್ಕಿಸಿದಳು. ಬಯಲಿನ ಗಾಳಿ ತುಂಬಿಕೊಂಡು ಅದು ದಪ್ಪಗೆ ಉಬ್ಬಿತು. ಅದರಿಂದ ನೀರು ಕೆಳಗಿದ್ದ ಕ್ಯಾಮೆರಾದ ಮೇಲೆ ತೊಟ ತೊಟ ಬೀಳತೊಡಗಿತು.