ಪಾಲಮ್ಮ ಇಟ್ಟ ಮೊದಲ ಬೆರಳು

ಕೊಟ್ಟೂರಿನ ಮಂಡಕ್ಕಿ ವ್ಯಾಪಾರಿ ಗಂಗಾಧರ್‌ಗೆ ತಾನು ಬುದ್ಧಿವಂತನೆಂಬ ಅನುಮಾನ ಮೊದಲಿನಿಂದಲೂ ಇತ್ತು. ಬೆರಳಿಟ್ಟರೆ ತೆರೆಯುವ ಲಾಕನ್ನು ದಾಸ್ತಾನು ಕೋಣೆಗೆ ಹಾಕಿಸಿದ ದಿನ ಅದು ಖಾತ್ರಿಯಾಯಿತು. ಕೋಣೆಯಲ್ಲಿ ಮಂಡಕ್ಕಿ ಚೀಲಗಳು ದಿನದಿನಕ್ಕೆ ಸೊರಗುತ್ತಿದ್ದವು. ಯಾರೋ ಒಳಗಿನವರೇ ಕೈ ಹಾಕುತ್ತಿದ್ದಾರೆ, ಇನ್ನು ಅದು ಹೇಗೆ ನಡೆಯುತ್ತದೋ ನೋಡೋಣ ಎಂದುಕೊಂಡ.

ಲಾಕಿನ ಜೊತೆ ಒಂದು ಪುಸ್ತಕವೂ ಬಂದಿತ್ತು. ಅದನ್ನೆಲ್ಲ ಓದುವುದು ತಿಳಿಯದವರ ಕೆಲಸವೆಂದು ಗಲ್ಲಾಪೆಟ್ಟಿಗೆಯ ಕೆಳಗೆ ತುರುಕಿದ. ಹೊಸದು ಏನೇ ಬರಲಿ, ಆ ಅಂಗಡಿಯಲ್ಲಿ ಮೊದಲ ಕೈ ಪಾಲಮ್ಮನದು. ಅವನ ಅಪ್ಪನ ಕಾಲದಿಂದ ಮಂಡಕ್ಕಿ ಅಳೆದು ಕೊಡುತ್ತ ಬಂದ ಹೆಂಗಸು. ಕೈಗುಣ ಒಳ್ಳೆಯದೆಂದು ಹೊಸ ಭಟ್ಟಿಗೆ ಬೆಂಕಿ ಹಾಕಿದ್ದೂ ಅವಳೇ, ಹೊಸ ತಕ್ಕಡಿಯಲ್ಲಿ ಮೊದಲು ತೂಗಿದ್ದೂ ಅವಳೇ. ಗಂಗಾಧರ್ ಲಾಕಿಗೆ ವಿಭೂತಿ ಹಚ್ಚಿ, ಕಾಯಿ ಒಡೆದು, “ಪಾಲಮ್ಮ, ಮದ್ಲ ನಿನ್ನ ಬೆರಳು ಇಡು” ಎಂದ. ಅವಳು ಇಟ್ಟಳು. ಆಮೇಲೆ ಅವನು ಇಟ್ಟ. ಅಪರೂಪಕ್ಕೆ ಬರುವ ಹೆಂಡತಿ ಸುಕನ್ಯಾಳಿಗೆ, ಲಾಕಿನೆದುರು ಹಿಡಿದರೆ ಬಾಗಿಲು ತೆರೆಯುವ ಒಂದು ಬಿಲ್ಲೆ ಕೊಟ್ಟ. ಅವಳು ಅದನ್ನು ಬೀಗದ ಕೈ ಗೊಂಚಲಿಗೆ ಸೇರಿಸಿ ಮರೆತುಬಿಟ್ಟಳು.

ತಿಂಗಳಾದರೂ ಚೀಲಗಳು ಸೊರಗುವುದು ನಿಲ್ಲಲಿಲ್ಲ. ಗಂಗಾಧರ್ ತಲೆ ಓಡಿಸಿದ. ಹೆಂಡತಿ ಇತ್ತ ಬಂದಿಲ್ಲ, ತಾನಂತೂ ಕಳ್ಳನಲ್ಲ, ಉಳಿದವಳು ಒಬ್ಬಳೇ.

“ಪಾಲಮ್ಮ, ನಾಳಿಂದ ನಿನ್ನ ಬೆರಳು ತಗಿತೀನಿ. ಚೀಲ ಯಾಕ ಕಮ್ಮಿ ಆಗ್ತಾವಂತ ನನಗ ಗೊತ್ತೈತಿ” ಎಂದ.

ಪಾಲಮ್ಮ ಅವನ ಮುಖವನ್ನೇ ನೋಡಿದಳು. “ತಗೀರಿ ಧಣಿ” ಎಂದು ಸೆರಗು ಕೊಡವಿ ಮನೆಗೆ ಹೋದಳು. ಮೂವತ್ತು ವರ್ಷ ಕಾಪಾಡಿಕೊಂಡ ಹೆಸರು ಒಂದು ಮಾತಿಗೆ ಮಣ್ಣುಪಾಲಾಗಿತ್ತು.

ಬೆಳಿಗ್ಗೆ ಅವಳ ಬೆರಳು ಅಳಿಸಲು ನಿಂತರೆ, ಯಜಮಾನರ ಬೆರಳು ಇಡಿ ಎಂದಿತು ಲಾಕು. ಗಂಗಾಧರ್ ಠೀವಿಯಿಂದ ಇಟ್ಟ. ಕೆಂಪು ದೀಪ. ಪಂಚೆಗೆ ಒರೆಸಿ ಇಟ್ಟ, ಊದಿ ಇಟ್ಟ, ಎಡಗೈಯದನ್ನೂ ಇಟ್ಟ. ಕೊನೆಗೆ ಗಲ್ಲಾಪೆಟ್ಟಿಗೆಯ ಕೆಳಗಿಂದ ಪುಸ್ತಕ ಎಳೆದ. ಮೊದಲ ಪುಟದಲ್ಲೇ ಇತ್ತು: ಮೊದಲು ಇಟ್ಟ ಬೆರಳೇ ಯಜಮಾನರದು, ಯಾರನ್ನು ತೆಗೆಯಬೇಕಾದರೂ ಪಟ್ಟಿ ನೋಡಬೇಕಾದರೂ ಅದೇ ಬೇಕು.

ಪಾಲಮ್ಮನನ್ನು ತೆಗೆಯಲು ಪಾಲಮ್ಮನನ್ನೇ ಕರೆತರಲು ಹೊರಟ. ದಾರಿಯುದ್ದಕ್ಕೂ ತನ್ನನ್ನು ತಾನೇ ಬೈದುಕೊಂಡ. ಎದುರು ಸಿಕ್ಕವರು ಫೋನಿನಲ್ಲಿ ಮಾತಾಡುತ್ತಿದ್ದಾನೆಂದು ತಿಳಿದರು.

ಅವಳು ತಕರಾರಿಲ್ಲದೆ ಬಂದಳು. ಬೆರಳಿಟ್ಟ ಕೂಡಲೇ ಹಸಿರು ದೀಪ ಹತ್ತಿ, ತಿಂಗಳಿಡೀ ಬಾಗಿಲು ತೆಗೆದವರ ಪಟ್ಟಿ ಲಾಕಿನ ಪರದೆಯ ಮೇಲೆ ಬಂತು, ಹೆಸರಿನ ಬದಲು ಬೆರಳು ಸೇರಿಸಿದ ಕ್ರಮದ ಅಂಕಿ. ಬೆಳಿಗ್ಗೆ ಎಂಟಕ್ಕೆ ಒಂದು. ಸಂಜೆ ಏಳಕ್ಕೆ ಎರಡು. ಮತ್ತೆ ಬೆಳಿಗ್ಗೆ ಒಂದು, ಸಂಜೆ ಎರಡು. ಸಂಜೆ ಪಾಲಮ್ಮ ಹೋದ ಮೇಲೆ ಗೆಳೆಯ ಶಿವಯೋಗಪ್ಪ ಮತ್ತು ಅವನ ಜೊತೆಯವರು ಅಂಗಡಿ ಕಟ್ಟೆಗೆ ಬರುವುದು, ಮಿರ್ಚಿ ತರಿಸುವುದು, “ತಿನ್ರಿ, ಮನಿದ ಐತಿ” ಎಂದು ತಾನು ಒಳಗಿಂದ ಮೊರಗಟ್ಟಲೆ ಮಂಡಕ್ಕಿ ತಂದು ಸುರಿಯುವುದು, ಎಲ್ಲ ಗಂಗಾಧರ್‌ಗೆ ಒಟ್ಟಿಗೇ ನೆನಪಾಯಿತು.

ಪಾಲಮ್ಮನಿಗೆ ಓದಲು ಬರುವುದಿಲ್ಲ. ಅಂಕಿ ಬರುತ್ತದೆ.

“ಒಂದು ನಾನು. ಎರಡು ಯಾರ್ರಿ?”

ಹೆಂಡತಿಯ ಮೇಲೆ ಹೊರಿಸೋಣವೆಂದು ಸುಕನ್ಯಾಳ ಹೆಸರು ನಾಲಿಗೆಯ ತುದಿಗೆ ಬಂದಿತ್ತು. ನಾಚಿಕೆಯಾಗಿ ನುಂಗಿಕೊಂಡ.

“ನಾನಬೇ. ತಪ್ಪಾತು.”

ಪಾಲಮ್ಮ ಲಾಕಿನ ಮೇಲಿಟ್ಟ ಬೆರಳು ಎತ್ತಲಿಲ್ಲ. “ಹಂಗಾರ ಈಗ ಯಾರದು ತಗೀಲಿ ಹೇಳ್ರಿ ಧಣಿ.”

ಗಂಗಾಧರ್ ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡು ನಿಂತ.